ಹೋರಿಗೆ ಬೀಜ ಒಡೆಸಲು ಯಾವ ವಯಸ್ಸು ಸರಿ?

ಕ್ಯಾಮೇನಹಳ್ಳಿ ಜಾತ್ರೆಗೋ, ಶಿವರಾತ್ರಿಯ ಹೊತ್ತಿನ ಸಿದ್ಧಗಂಗೆ ಜಾತ್ರೆಗೋ ಜೋಡಿ ಕೊಳ್ಳಲು ಹೋದಾಗ ನೀವು ಏನೇನು ನೋಡುತ್ತೀರಿ? ಬಾಯಿ ಬಿಡಿಸಿ ಹಲ್ಲು ಎಣಿಸುತ್ತೀರಿ. ಸುಳಿ ನೋಡುತ್ತೀರಿ. ಕೊಂಬು, ಬಣ್ಣ, ಗೊರಸು, ನಡಿಗೆ ಎಲ್ಲವನ್ನೂ ನೋಡುತ್ತೀರಿ. ಕೊನೆಗೆ ಟವಲಿನ ಕೆಳಗೆ ಬೆರಳು ಹಿಡಿದು ವ್ಯಾಪಾರ ಕುದುರಿಸುತ್ತೀರಿ. ಇಷ್ಟೆಲ್ಲ ನೋಡುವವರಲ್ಲಿ ‘ಇವೆರಡಕ್ಕೂ ಬೀಜ ಒಡೆಸಿದ್ದು ಯಾವಾಗ?’ ಎಂದು ಮಾರುವವನನ್ನು ಕೇಳುವವರು ಮಾತ್ರ ಬಹಳ ಕಡಿಮೆ. ಲಕ್ಷ ರೂಪಾಯಿ ದಾಟುವ ಜೋಡಿಗೆ ಕೈ ಹಾಕುವಾಗ ಕೇಳಲೇಬೇಕಾದ ಪ್ರಶ್ನೆ ಇದು.

ಒಂದು ಉದಾಹರಣೆ ನೋಡಿ. ತೋವಿನಕೆರೆ ಕಡೆಯ ರೈತರೊಬ್ಬರು ಒಂದು ಹೋರಿಯನ್ನು ಒಂದು ಮನೆಯಿಂದ, ಇನ್ನೊಂದನ್ನು ಮತ್ತೊಂದು ಮನೆಯಿಂದ ತಂದು ಜೋಡಿ ಮಾಡುತ್ತಾರೆ ಎಂದಿಟ್ಟುಕೊಳ್ಳಿ. ಎರಡೂ ಹಳ್ಳಿಕಾರ್, ಎರಡಕ್ಕೂ ಎರಡೆರಡು ಹಲ್ಲು, ಬಣ್ಣವೂ ಒಂದೇ. ಆದರೆ ಒಂದಕ್ಕೆ ಕರುವಾಗಿದ್ದಾಗಲೇ, ವರ್ಷ ತುಂಬುವ ಮೊದಲೇ ಬೀಜ ಒಡೆಸಿಬಿಟ್ಟಿದ್ದಾರೆ. ಇನ್ನೊಂದು ಇನ್ನೂ ಹೋರಿ. ಅದಕ್ಕೆ ನಾಲ್ಕು ಹಲ್ಲು ಬಂದ ಮೇಲೆ ಒಡೆಸುತ್ತಾರೆ. ಬಾಯಿ ಕೂಡುವ ಹೊತ್ತಿಗೆ ಮೊದಲನೆಯದು ನೀಳ ಕಾಲಿನ, ತೆಳು ಕೊರಳಿನ ಎತ್ತಾಗಿ ಎರಡು ಬೆರಳು ಮೇಲೆ ನಿಲ್ಲುತ್ತದೆ. ಎರಡನೆಯದು ಕುಳ್ಳಾಗಿ, ಕೊರಳು ದಪ್ಪವಾಗಿ, ಹಿಣಿಲು ಎದ್ದು ಕಾಣುವಂತೆ ಬೆಳೆಯುತ್ತದೆ. ನೊಗ ಕಟ್ಟಿದರೆ ಓರೆ. ಭಾರ ತಗ್ಗಿನ ಕಡೆಗೆ ಜಾರುತ್ತದೆ. ಬಲವಾದ ಎತ್ತು ಮುಂದೆ ಹೆಜ್ಜೆ ಹಾಕಿದರೆ ಇನ್ನೊಂದು ಹಿಂದೆ ಎಳೆಸಿಕೊಳ್ಳುತ್ತದೆ. ಒಂದೇ ಮಳೆಗಾಲ ಮುಗಿಯುವಷ್ಟರಲ್ಲಿ ಹೆಗಲು ಬಾತು ಹುಣ್ಣಾಗುತ್ತದೆ. ನೇಗಿಲ ಈಚನ್ನು ನೊಗದ ನಡುವೆ ಕಟ್ಟದೆ, ಬಲವಾದ ಎತ್ತಿನ ಕಡೆಗೆ ನಾಲ್ಕು ಬೆರಳು ಸರಿಸಿ ಮಿಣಿ ಬಿಗಿದರೆ ದುರ್ಬಲ ಎತ್ತಿಗೆ ಭಾರ ಸ್ವಲ್ಪ ಇಳಿಯುತ್ತದೆ. ಇದು ಅನುಭವಸ್ಥರಿಗೆಲ್ಲ ಗೊತ್ತಿರುವ ಉಪಾಯ. ಆದರೆ ಅದರಿಂದ ನೊಗದ ಓರೆ ಹೋಗುವುದಿಲ್ಲ. ಸುಳಿಯಲ್ಲಿ ದೋಷವಿತ್ತು ಎಂದು ಎತ್ತನ್ನು ಬೈಯುತ್ತಾ ಮುಂದಿನ ಜಾತ್ರೆಯಲ್ಲಿ ನಷ್ಟಕ್ಕೆ ಮಾರುವುದೊಂದೇ ಉಳಿಯುವ ದಾರಿ.

ಈ ಓರೆಗೆ ಕಾರಣ ಸುಳಿಯಲ್ಲ, ತಳಿಯೂ ಅಲ್ಲ. ಬೀಜ ಒಡೆಸಿದ ವಯಸ್ಸು.

ಎಲುಬು ಬೆಳೆಯುವ ಬಗೆ

ಎಳೆಯ ಪ್ರಾಣಿಯ ಕಾಲಿನ ಎಲುಬು ನಡುವಿನಿಂದ ಉದ್ದವಾಗುವುದಿಲ್ಲ. ಅದರ ತುದಿಗಳ ಬಳಿ ಮೆತ್ತನೆಯ ಎಲುಬಿನ ಒಂದು ತೆಳು ತಟ್ಟೆ ಇರುತ್ತದೆ. ಎಲುಬು ಉದ್ದವಾಗುವುದು ಆ ತಟ್ಟೆಯಲ್ಲಿ. ಪ್ರಾಯಕ್ಕೆ ಬಂದ ಮೇಲೆ ಆ ತಟ್ಟೆ ಗಟ್ಟಿಯಾಗಿ ಎಲುಬಿನಲ್ಲಿ ಬೆಸೆದುಕೊಂಡರೆ ಅಲ್ಲಿಗೆ ಆ ಎಲುಬಿನ ಉದ್ದ ನಿಂತಂತೆ. ದನಗಳಲ್ಲಿ ಮೊಣಕಾಲಿನ ಕೆಳಗಿನ ಎಲುಬಿನ ತಟ್ಟೆ ಸುಮಾರು 2ರಿಂದ 2½ ವರ್ಷಕ್ಕೆ ಬೆಸೆಯುತ್ತದೆ. ಮುಂಗಾಲಿನ ಮೇಲುಭಾಗದ ಮತ್ತು ತೊಡೆಯ ಎಲುಬುಗಳಲ್ಲಿ ಇದು ಮುಗಿಯಲು 3½ರಿಂದ 4 ವರ್ಷ ಬೇಕು.

ಈ ತಟ್ಟೆಗೆ ‘ಇನ್ನು ಸಾಕು, ನಿಲ್ಲು’ ಎಂದು ಹೇಳುವ ರಸ ಬರುವುದು ಬೀಜದಿಂದ. ಹೋರಿ ಪ್ರಾಯಕ್ಕೆ ಬಂದಾಗ ಬೀಜದಲ್ಲಿ ಹುಟ್ಟುವ ಹಾರ್ಮೋನು ಎರಡು ಕೆಲಸ ಮಾಡುತ್ತದೆ. ಮಾಂಸಖಂಡವನ್ನು, ಅದರಲ್ಲಿಯೂ ಕೊರಳು, ಹಿಣಿಲು, ಭುಜಗಳ ಮಾಂಸವನ್ನು ಬಲಪಡಿಸುವುದು ಒಂದು. ಎಲುಬಿನ ತಟ್ಟೆಗಳನ್ನು ಕ್ರಮೇಣ ಮುಚ್ಚಿಸುವುದು ಇನ್ನೊಂದು. ಪ್ರಾಯಕ್ಕೆ ಮೊದಲೇ ಬೀಜ ಒಡೆಸಿದರೆ ಎರಡೂ ತಪ್ಪುತ್ತವೆ. ತಟ್ಟೆಗಳು ತಡವಾಗಿ ಮುಚ್ಚುವುದರಿಂದ ಕಾಲು ಇನ್ನಷ್ಟು ನೀಳವಾಗುತ್ತದೆ. ಮೈ ಮುಂಭಾಗ ಮಾತ್ರ ಹಸುವಿನಂತೆ ತೆಳುವಾಗಿ ಉಳಿಯುತ್ತದೆ. ಕೊಂಬೂ ಹೋರಿಯ ಕೊಂಬಿಗಿಂತ ಉದ್ದವಾಗಿ, ಸಣ್ಣಗೆ ಬೆಳೆಯುತ್ತದೆ.

ಎತ್ತರ ಹೆಚ್ಚಾದರೆ ಒಳ್ಳೆಯದೇ ಅಲ್ಲವೆ ಎಂದು ನೀವು ಕೇಳಬಹುದು. ಜಾತ್ರೆಯಲ್ಲಿ ನೋಡುವ ಕಣ್ಣಿಗೆ ಒಳ್ಳೆಯದು, ನಿಜ. ಆದರೆ ಎಳೆಯುವ ಶಕ್ತಿ ಎತ್ತರದಿಂದ ಬರುವುದಿಲ್ಲ. ಮೈತೂಕದಿಂದ, ಎದೆಯ ಅಗಲದಿಂದ, ಹೆಗಲಿನಿಂದ ಬರುತ್ತದೆ. ಎತ್ತು ದಿನವಿಡೀ ದಣಿಯದೆ ಎಳೆಯಬಲ್ಲ ಭಾರ ಅದರ ಮೈತೂಕದ ಸುಮಾರು ಹತ್ತನೆಯ ಒಂದು ಪಾಲು. ತಲಾ 350 ಕಿಲೊ ತೂಗುವ ಜೋಡಿ ಸುಮಾರು 70 ಕಿಲೊ ಎಳೆತ ಕೊಡುತ್ತದೆ. ಒಂದೊಂದರಲ್ಲಿ 40 ಕಿಲೊ ಕಡಿಮೆಯಾದರೆ ಎಳೆತ 62 ಕಿಲೊಗೆ ಇಳಿಯಿತು. ಮೊದಲ ಮಳೆಗೆ ಗಟ್ಟಿಯಾದ ಕೆಂಪು ನೆಲವನ್ನು ಒಡೆಯುವಾಗ ಈ ಎಂಟು ಕಿಲೊ ಎಷ್ಟೆಂಬುದು ನೇಗಿಲ ಮೇಣಿ ಹಿಡಿದವನಿಗೆ ಮಾತ್ರ ಗೊತ್ತು.

ಒಂದೇ ಮೇವು ತಿಂದರೂ ಹೋರಿ ಬೀಜ ಒಡೆಸಿದ ಕರುವಿಗಿಂತ ಶೇಕಡ 10ರಿಂದ 20ರಷ್ಟು ಬೇಗ ಮೈತುಂಬುತ್ತದೆ. ಪ್ರಾಯದ ಆ ಒಂದೆರಡು ವರ್ಷವನ್ನು ಕಳೆದುಕೊಂಡರೆ ಮತ್ತೆ ಬರುವುದಿಲ್ಲ.

ಕುದುರೆಯ ಲೆಕ್ಕ ಎತ್ತಿಗಲ್ಲ

ನಮ್ಮ ಜಿಲ್ಲೆಯವರಿಗೆ ಕುದುರೆ ಎಂದರೆ ಕುಣಿಗಲ್ ನೆನಪಾಗುತ್ತದೆ. ಅಲ್ಲಿಯ ಕುದುರೆ ಫಾರಂ ಟಿಪ್ಪುವಿನ ಕಾಲದಿಂದಲೂ ಹೆಸರಾದದ್ದು. ಗಂಡು ಕುದುರೆಗೆ ಬೀಜ ಒಡೆಯುವುದನ್ನು ಸಾಮಾನ್ಯವಾಗಿ ಎರಡು ವರ್ಷದೊಳಗೇ, ಎಷ್ಟೋ ಕಡೆ ವರ್ಷ ತುಂಬುವ ಮೊದಲೇ ಮಾಡುತ್ತಾರೆ. ಅದರಲ್ಲಿಯೂ ಎಲುಬಿನ ಕಥೆ ಇದೇ: ಬೇಗ ಒಡೆದ ಮರಿ ತುಸು ಎತ್ತರವಾಗಿ, ಕೊರಳು ಸಣ್ಣಗಾಗಿ ಬೆಳೆಯುತ್ತದೆ. ಕುದುರೆಯವರಿಗೆ ಅದರಿಂದ ನಷ್ಟವಿಲ್ಲ. ಸವಾರಿಯ ಕುದುರೆಗೆ ದಪ್ಪ ಕೊರಳು ಬೇಡ. ಜಟಕಾ ಕುದುರೆಯೂ ಎದೆಯ ಪಟ್ಟಿಯಿಂದ ಎಳೆಯುತ್ತದೆಯೇ ಹೊರತು ಕೊರಳಿನ ಮೇಲಿನಿಂದಲ್ಲ.

ಎತ್ತಿನ ಸಂಗತಿ ಬೇರೆ. ನಮ್ಮ ನೊಗ ಕೂರುವುದೇ ಹಿಣಿಲಿನ ಮುಂದೆ, ಕೊರಳಿನ ಮೇಲೆ. ಹಿಣಿಲು ಬರೀ ಕೊಬ್ಬಿನ ಗಂಟಲ್ಲ, ಮಾಂಸಖಂಡ. ಬೀಜದ ರಸ ಸಿಗದಿದ್ದರೆ ಅದು ಏಳುವುದಿಲ್ಲ. ಹಿಣಿಲು ಏಳದ ಎತ್ತಿಗೆ ನೊಗ ನಿಲ್ಲುವುದಿಲ್ಲ. ಹಿಂದಕ್ಕೂ ಮುಂದಕ್ಕೂ ಜಾರಿ ಚರ್ಮ ಉಜ್ಜಿಹೋಗುತ್ತದೆ. ಸೀಮೆಹಸುವಿನ ಮಿಶ್ರತಳಿ ಗಂಡುಕರುಗಳನ್ನು ಉಳುಮೆಗೆ ಕಟ್ಟಿದವರು ಅನುಭವಿಸಿದ ತೊಂದರೆಯೂ ಇದೇ. ಹುಟ್ಟಿನಿಂದಲೇ ಹಿಣಿಲು ಚಿಕ್ಕದಿರುವ ಅಂಥ ಕರುವಿಗೆ ಎಳೆಯದರಲ್ಲೇ ಬೀಜ ಒಡೆಸಿದರೆ ಹೆಗಲು ಎಂಬುದೇ ಇಲ್ಲವಾಗುತ್ತದೆ.

ಕುದುರೆಯಿಂದ ನಾವು ಕಲಿಯಬೇಕಾದ ಪಾಠ ಇನ್ನೊಂದಿದೆ. ಬೇಗ ಒಡೆಸಿದರೆ ಸಾಧು, ತಡವಾದರೆ ತುಂಟ ಎಂದು ನಮ್ಮಲ್ಲಿ ಮಾತಿದೆ. ಕ್ಯಾಲಿಫೋರ್ನಿಯಾದಲ್ಲಿ ಕುದುರೆಗಳ ಬಗ್ಗೆ ನಡೆದು 1985ರಲ್ಲಿ ಪ್ರಕಟವಾದ ಒಂದು ಪರಿಶೀಲನೆಯಲ್ಲಿ, ಪ್ರಾಯಕ್ಕೆ ಮೊದಲು ಒಡೆದವುಗಳಲ್ಲಿಯೂ ಮೂರು ವರ್ಷದ ಮೇಲೆ ಒಡೆದವುಗಳಲ್ಲಿಯೂ ಗಂಡುಬುದ್ಧಿ ಉಳಿದವುಗಳ ಪ್ರಮಾಣ ಹೆಚ್ಚುಕಡಿಮೆ ಒಂದೇ ಆಗಿತ್ತು: ಶೇಕಡ 20ರಿಂದ 30. ಪಳಗಿಸುವ ಕೈಯ ಗುಣವೂ ಇದರಲ್ಲಿ ಸೇರಿದೆ ಎಂದಾಯಿತು. ದನ ಕುದುರೆಯಲ್ಲ, ಒಪ್ಪಿದೆ. ಆದರೂ ಸಾಧುವಾಗಲಿ ಎಂಬ ಒಂದೇ ಕಾರಣಕ್ಕೆ ಹಾಲುಹಲ್ಲಿನ ಕರುವಿಗೆ ಇಕ್ಕಳ ಹಾಕಿಸುವವರು ಒಮ್ಮೆ ಯೋಚಿಸಲಿ.

ಹಾಗಾದರೆ ತಡವಾದಷ್ಟೂ ಒಳ್ಳೆಯದೆ?

ಹೀಗೆಂದು ನಂಬಿದವರೂ ನಮ್ಮಲ್ಲಿದ್ದಾರೆ. ಆರು ಹಲ್ಲು ಬರುವವರೆಗೆ ಹೋರಿಯಾಗಿಯೇ ಕಟ್ಟಿ, ಜಾತ್ರೆಯಿಂದ ಜಾತ್ರೆಗೆ ಮೆರೆಸಿ, ಆಮೇಲೆ ಒಡೆಸುತ್ತಾರೆ. ಇವರು ಅಮೃತಮಹಲ್ ಎತ್ತುಗಳ ಹೆಸರು ಹೇಳುವುದುಂಟು. ಮಾತಿನಲ್ಲಿ ಅರ್ಧ ಸತ್ಯವಿದೆ. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿಯೇ ಟಿಪ್ಪುವಿನ ಕಾಲಕ್ಕೆ ಅಮೃತಮಹಲ್ ಎಂಬ ಹೆಸರು ಪಡೆಯಿತು. ಫಿರಂಗಿ ಎಳೆಯಲು, ದಂಡಿನ ಸಾಮಾನು ಹೊರಲು ಬೇಕಾದ ಆ ಎತ್ತುಗಳಿಗೆ ಬೀಜ ಒಡೆಯುತ್ತಿದ್ದುದು ಮೂರು ವರ್ಷ ದಾಟಿದ ಮೇಲೆ, ಚಳಿಗಾಲದಲ್ಲಿ. ಆದರೆ ಆ ದನಗಳು ಬೆಳೆದದ್ದು ಕಾವಲುಗಳ ಹುಲ್ಲಿನ ಮೇಲೆ, ಅರೆಕಾಡು ಪ್ರಾಣಿಗಳಂತೆ. ಬೇಸಿಗೆಯಲ್ಲಿ ಒಣಗಿ, ಮಳೆಯಲ್ಲಿ ಚೇತರಿಸಿಕೊಂಡು, ನಿಧಾನವಾಗಿ ಪ್ರಾಯಕ್ಕೆ ಬರುತ್ತಿದ್ದವು. ಅವಕ್ಕೆ ಮೂರು ವರ್ಷ ಎಂದರೆ, ಕೊಟ್ಟಿಗೆಯಲ್ಲಿ ರಾಗಿಹುಲ್ಲು, ಕಡಲೆಕಾಯಿ ಹೊಟ್ಟು, ಬೂಸಾ, ಬೇಯಿಸಿದ ಹುರುಳಿ ತಿಂದು ಬೆಳೆಯುವ ನಿಮ್ಮ ಹೋರಿಗೆ ಎರಡು ವರ್ಷವಿದ್ದ ಹಾಗೆ. ಕಾವಲಿನ ಲೆಕ್ಕವನ್ನು ಕೊಟ್ಟಿಗೆಗೆ ತಂದರೆ ತಪ್ಪಾಗುತ್ತದೆ.

ಅತಿ ತಡವಾದರೆ ಆಗುವ ತೊಂದರೆಗಳು ಇವು. ಬೀಜದ ನರ ದಪ್ಪವಾಗಿರುತ್ತದೆ, ಇಕ್ಕಳಕ್ಕೆ ಸುಲಭವಾಗಿ ಸಿಗುವುದಿಲ್ಲ. ಒಮ್ಮೊಮ್ಮೆ ಒಂದು ಕಡೆಯದು ಉಳಿದುಬಿಡುತ್ತದೆ. ಬಾವು ಹೆಚ್ಚು, ನೋವು ಹೆಚ್ಚು, ಚೇತರಿಸಿಕೊಳ್ಳಲು ದಿನ ಹೆಚ್ಚು. ನಾಲ್ಕು ವರ್ಷದ ಹೋರಿಯನ್ನು ಹಗ್ಗ ಹಾಕಿ ಕೆಡವುವಾಗ ಅದಕ್ಕೂ ಅಪಾಯ, ಹಿಡಿದವರಿಗೂ ಅಪಾಯ. ಗುದ್ದುವ, ಹಸುವಿನ ಹಿಂದೆ ಓಡುವ ಚಾಳಿ ರೂಢಿಯಾದ ಮೇಲೆ ಬೀಜ ಹೋದರೂ ಚಾಳಿ ಉಳಿಯಬಹುದು. ಮುಖ್ಯವಾದ ಇನ್ನೊಂದು ಮಾತು: ಪ್ರಾಯಕ್ಕೆ ಬಂದ ಹೋರಿಯನ್ನು ಮಂದೆಯಲ್ಲಿ ಬಿಟ್ಟರೆ ಅದು ತನ್ನ ತಂಗಿಯನ್ನೂ ಬಿಡುವುದಿಲ್ಲ. ಊರ ಹಸುಗಳಿಗೆಲ್ಲ ಕಂಡಕಂಡ ಹೋರಿ ಹಾರಿ ತಳಿ ಕೆಟ್ಟಿರುವುದು ಹೀಗೆ. ಬೀಜ ಒಡೆಸುವುದನ್ನು ತಡಮಾಡುವವರು ಹೋರಿಯನ್ನು ಕಟ್ಟಿ ಮೇಯಿಸಬೇಕು; ಕಟ್ಟಿ ಮೇಯಿಸಲಾಗದವರಿಗೆ ತಡಮಾಡುವ ಹಕ್ಕಿಲ್ಲ. ಮಾತು ಸ್ವಲ್ಪ ಖಾರವಾಯಿತು, ಆದರೂ ಹಿಂತೆಗೆದುಕೊಳ್ಳುವುದಿಲ್ಲ.

ಆದರೆ ಹಾಲುಹಲ್ಲಿನಲ್ಲೇ ಎಲ್ಲಕ್ಕೂ ಒಡೆಸಿಬಿಟ್ಟರೆ ಊರಿನ ಒಳ್ಳೆಯ ಹೋರಿ ಯಾವುದೆಂದು ತಿಳಿಯುವ ಮೊದಲೇ ಅದನ್ನು ಕಳೆದುಕೊಂಡಂತಾಯಿತು. ಎರಡು ಹಲ್ಲಿನವರೆಗೆ ಕಾದರೆ ನೂರರಲ್ಲಿ ಎದ್ದು ಕಾಣುವ ಆ ಒಂದನ್ನು ಬೀಜದ ಹೋರಿಯಾಗಿ ಉಳಿಸಿಕೊಳ್ಳಬಹುದು. ತುರುವೇಕೆರೆ ತಾಲ್ಲೂಕಿನ ಕುಣಿಕೇನಹಳ್ಳಿಯಲ್ಲಿ ಹಳ್ಳಿಕಾರ್ ತಳಿಗೆಂದೇ, ಅಜ್ಜಂಪುರದಲ್ಲಿ ಅಮೃತಮಹಲ್ ತಳಿಗೆಂದೇ ಸಂವರ್ಧನಾ ಕೇಂದ್ರಗಳಿವೆ. ಆದರೆ ಹಳ್ಳಿಕಾರ್ ತಳಿ ಇಷ್ಟು ಕಾಲ ಉಳಿದಿರುವುದು ಮುಖ್ಯವಾಗಿ ನಿಮ್ಮಂಥ ರೈತರ ಕೊಟ್ಟಿಗೆಗಳಲ್ಲಿ.

ಪಂಚಾಂಗ ನೋಡಬೇಡಿ, ಹೋರಿಯನ್ನು ನೋಡಿ

ಉಳುಮೆಗೆ, ಗಾಡಿಗೆ ಬೇಕಾದ ಹಳ್ಳಿಕಾರ್ ಹೋರಿಗೆ ಒಳ್ಳೆಯ ಮೇವಿನಲ್ಲಿ ಬೆಳೆದಿದ್ದರೆ ಇಪ್ಪತ್ತು ತಿಂಗಳಿಂದ ಮೂವತ್ತು ತಿಂಗಳೊಳಗೆ, ಅಂದರೆ ಎರಡು ಹಲ್ಲು ಬರುವ ಆಸುಪಾಸಿನಲ್ಲಿ ಬೀಜ ಒಡೆಸುವುದು ಸರಿಯಾದ ಕಾಲ. ಆಗ ಹಿಣಿಲು ಎದ್ದಿರುತ್ತದೆ, ಕೊರಳಿನ ಮೇಲ್ಭಾಗ ಬಾಗಿ ದಪ್ಪವಾಗಲು ತೊಡಗಿರುತ್ತದೆ, ಗಂಗೆದೊಗಲು ಇಳಿದಿರುತ್ತದೆ, ಹಸುವನ್ನು ಮೂಸಿ ಮುಖ ಎತ್ತುತ್ತದೆ. ಈ ಗುರುತುಗಳು ಕಂಡ ಮೇಲೆ ಐದಾರು ತಿಂಗಳು ಬಿಟ್ಟು ಒಡೆಸಿದರೆ ಹೆಗಲಿಗೆ ಬೇಕಾದ ಬಲ ಬಂದಿರುತ್ತದೆ. ನರವೂ ಇಕ್ಕಳಕ್ಕೆ ಒಗ್ಗುವಷ್ಟೇ ಇರುತ್ತದೆ.

ಆದರೆ ಹಲ್ಲು ಒಂದನ್ನೇ ನಂಬಬೇಡಿ. ಮಧುಗಿರಿ, ಶಿರಾ, ಪಾವಗಡದ ಕಡೆ ಮಳೆ ಕೈಕೊಟ್ಟ ವರ್ಷ ಹುಟ್ಟಿದ ಕರುವನ್ನು ಯೋಚಿಸಿ. ತಾಯಿಗೆ ಹಾಲಿಲ್ಲ, ಕರುವಿಗೆ ಹಸಿ ಹುಲ್ಲಿಲ್ಲ. ಹಲ್ಲು ತನ್ನ ಕಾಲಕ್ಕೆ ಹೆಚ್ಚುಕಡಿಮೆ ಬಂದೇ ಬರುತ್ತದೆ, ಪ್ರಾಯ ಮಾತ್ರ ತಿಂಗಳುಗಟ್ಟಲೆ ಹಿಂದೆ ಬೀಳುತ್ತದೆ. ಎರಡು ಹಲ್ಲು ಬಂತೆಂದು ಅದಕ್ಕೆ ಒಡೆಸಿದರೆ ಕರುವಿಗೆ ಒಡೆಸಿದಂತೆಯೇ. ಅಂಥದಕ್ಕೆ ಮೊದಲು ಆರು ತಿಂಗಳು ಹೊಟ್ಟೆತುಂಬ ಮೇವು, ದಿನಕ್ಕೆ ಒಂದಿಷ್ಟು ಹಿಂಡಿ, ಖನಿಜ ಮಿಶ್ರಣ ಕೊಟ್ಟು, ಹಿಣಿಲು ಏಳುವವರೆಗೆ ಕಾಯಬೇಕು. ಮೊದಲ ವರ್ಷದ ಹಸಿವಿನಿಂದ ಕುಗ್ಗಿದ ಮೈಯನ್ನು ಬೀಜ ಒಡೆಸುವ ವಯಸ್ಸು ಹೆಚ್ಚುಕಡಿಮೆ ಮಾಡಿ ತುಂಬಲಾಗುವುದಿಲ್ಲ. ಇನ್ನು ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವ ಪಾವಗಡದ ಹಳ್ಳಿಗಳಲ್ಲಿ ದನದ ಹಲ್ಲು ಕಲೆಗಟ್ಟಿ ಬೇಗ ಸವೆಯಬಹುದು. ಅಲ್ಲಿ ಬಂದ ಹಲ್ಲನ್ನು ಎಣಿಸಿ. ಸವೆತ ನೋಡಿ ವಯಸ್ಸು ಹೇಳಬೇಡಿ.

ಒಂದು ಸುಲಭ ಕ್ರಮವಿದೆ. ತಿಂಗಳಿಗೊಮ್ಮೆ ಒಂದು ದಾರ ತೆಗೆದುಕೊಂಡು ನೊಗ ಕೂರುವ ಜಾಗದಲ್ಲಿ ಕೊರಳ ಸುತ್ತಳತೆಯನ್ನೂ ಹಿಣಿಲಿನ ಹಿಂದೆ ಎದೆಯ ಸುತ್ತಳತೆಯನ್ನೂ ಅಳೆಯಿರಿ. ಎತ್ತರವನ್ನು ಹಿಣಿಲಿನ ಮೇಲೆ ಅಳೆಯಬೇಡಿ, ಸೊಂಟದ ಮೇಲೆ ಅಳೆಯಿರಿ; ಇಲ್ಲವಾದರೆ ಹಿಣಿಲು ಎದ್ದದ್ದನ್ನೇ ಎತ್ತರವೆಂದು ಭ್ರಮಿಸುತ್ತೀರಿ. ಕೊಟ್ಟಿಗೆಯ ಗೋಡೆಯ ಮೇಲೆ ಬರೆದಿಡಿ. ಎರಡು ಹೋರಿಗಳನ್ನು ಜೋಡಿ ಮಾಡುವ ಯೋಚನೆ ಇದ್ದರೆ ಎರಡಕ್ಕೂ ಒಂದೇ ದಿನ ಒಡೆಸಿ. ಒಂದು ಮುಂದೆ, ಒಂದು ಹಿಂದೆ ಬೆಳೆದಿದ್ದರೆ ಹಿಂದುಳಿದದ್ದು ಹೆಗಲು ತುಂಬುವವರೆಗೆ ಮುಂದಿನದೂ ಕಾಯಲಿ. ಕೆಲವು ತಿಂಗಳ ಕಾಯುವಿಕೆ ಹತ್ತು ವರ್ಷದ ಓರೆ ನೊಗಕ್ಕಿಂತ ಅಗ್ಗ.

ಮಾಂಸಕ್ಕೆ ಸಾಕುವ ಟಗರು, ಹೋತಗಳಿಗೆ ಈ ಮಾತು ಅನ್ವಯಿಸುವುದಿಲ್ಲ. ಅಲ್ಲಿ ಹೆಗಲು ಬೇಕಿಲ್ಲ. ಎಳೆಯದರಲ್ಲಿ ಒಡೆಸಿದಷ್ಟೂ ನೋವು ಕಡಿಮೆ.

ಒಡೆಸುವಾಗ

ಕೋಲಿನ ನಡುವೆ ಸಿಕ್ಕಿಸಿ ಕಲ್ಲಿನಿಂದಲೋ ಕೊಡತಿಯಿಂದಲೋ ಬೀಜ ಜಜ್ಜುವ ಹಳೆಯ ಪದ್ಧತಿಯನ್ನು ಬಿಡಲೇಬೇಕು. ಅದು ಕ್ರೂರ ಮಾತ್ರವಲ್ಲ, ಅನಿಶ್ಚಿತವೂ ಹೌದು. 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯಿದೆಯಡಿ 2023ರಲ್ಲಿ ಬಂದ ನಿಯಮಗಳ ಪ್ರಕಾರ ಈ ಕೆಲಸವನ್ನು ನೋಂದಾಯಿತ ಪಶುವೈದ್ಯರೇ ಅರಿವಳಿಕೆ ಕೊಟ್ಟು ಮಾಡಬೇಕು. ಇಟಲಿಯ ಪಶುವೈದ್ಯ ಬರ್ಡಿಜೊ ರೂಪಿಸಿದ ಇಕ್ಕಳದಿಂದ ಚರ್ಮ ಸೀಳದೆ ಒಳಗಿನ ನರವನ್ನಷ್ಟೇ ಅಮುಕುತ್ತಾರೆ. ಗಾಯವಿಲ್ಲದ್ದರಿಂದ ನೊಣ ಕೂತು ಹುಳ ಬೀಳುವ ಭಯವಿಲ್ಲ. ಒಂದೊಂದು ನರವನ್ನೂ ಬೇರೆ ಬೇರೆಯಾಗಿ, ಎರಡು ಗುರುತುಗಳೂ ಒಂದೇ ಗೆರೆಯಲ್ಲಿ ಬಾರದಂತೆ ಅಮುಕಿದ್ದಾರೆಯೇ ಎಂದು ನೀವೇ ನಿಂತು ನೋಡಿ. ಗುರುತುಗಳು ಕೂಡಿ ಒಂದೇ ಗೆರೆಯಾದರೆ ಕೆಳಗಿನ ಚರ್ಮ ರಕ್ತವಿಲ್ಲದೆ ಸತ್ತುಹೋಗುತ್ತದೆ.

ರಾಗಿ ಒಕ್ಕಣೆಯ ಹೊತ್ತಿನ ಚಳಿಗಾಲ ಇದಕ್ಕೆ ಅನುಕೂಲ. ಹಿಂದಿನ ರಾತ್ರಿಯಿಂದ ಮೇವು ಹಾಕಬೇಡಿ. ತುಂಬಿದ ಹೊಟ್ಟೆಯ ಹೋರಿಯನ್ನು ಕೆಡವಿದರೆ ಉಸಿರು ಕಟ್ಟುತ್ತದೆ. ಬೆಳಗಿನ ತಂಪಿನಲ್ಲಿ, ಮರಳಿನ ಮೇಲೋ ದಪ್ಪಗೆ ಹರಡಿದ ಹುಲ್ಲಿನ ಮೇಲೋ ಕೆಡವಿ, ಕೊಂಬು ನೆಲಕ್ಕೆ ಬಡಿಯದಂತೆ ಒಬ್ಬರು ತಲೆ ಹಿಡಿಯಬೇಕು. ಎರಡು ಮೂರು ದಿನ ಬಾವು ಏರುತ್ತದೆ, ಎರಡು ವಾರದಲ್ಲಿ ಇಳಿಯುತ್ತದೆ. ಆ ಎರಡು ಮೂರು ವಾರ ನೊಗ, ಕುಂಟೆ ಏನೂ ಬೇಡ. ದಿನಾ ಸ್ವಲ್ಪ ನಡೆಸಿದರೆ ಸಾಕು. ಬಾವು ಇಳಿಯದೆ ದುರ್ವಾಸನೆ ಬಂದರೆ, ಮೈ ಸೆಟೆದು ದವಡೆ ಕಚ್ಚಿಕೊಂಡರೆ ತಕ್ಷಣ ವೈದ್ಯರನ್ನು ಕರೆಸಿ.

ಎಳೆಯದರಲ್ಲಿ ಒಡೆಸಿದ ಎತ್ತುಗಳನ್ನು ಈಗಾಗಲೇ ಕಟ್ಟಿಕೊಂಡಿರುವವರು ಬೇಸಿಗೆಯಲ್ಲಿ ಒಂದು ವಿಷಯಕ್ಕೆ ಕಣ್ಣಿಟ್ಟಿರಬೇಕು. ಅಂಥ ಎತ್ತಿನ ಮೂತ್ರನಾಳ ಪೂರ್ತಿ ಅಗಲವಾಗಿರುವುದಿಲ್ಲ. ಬೂಸಾ, ತೌಡು ಹೆಚ್ಚಾಗಿ ತಿಂದು ನೀರು ಕಡಿಮೆ ಕುಡಿದರೆ ಸಣ್ಣ ಹರಳು ಕೂಡ ಅಲ್ಲಿ ಸಿಕ್ಕಿಕೊಳ್ಳುತ್ತದೆ. ಬಾಲ ಎತ್ತಿ ಮುಕ್ಕಿದರೂ ತೊಟ್ಟು ತೊಟ್ಟಾಗಿ ಉಚ್ಚೆ ಬಂದರೆ, ಉಚ್ಚೆಯ ದ್ವಾರದ ಕೂದಲಿನಲ್ಲಿ ಬಿಳಿ ಮರಳಿನಂಥದು ಅಂಟಿದ್ದರೆ, ಮನೆಮದ್ದು ಮಾಡುತ್ತಾ ದಿನ ಕಳೆಯಬೇಡಿ. ಚೀಲ ಒಡೆದರೆ ಎತ್ತು ಉಳಿಯುವುದು ಕಷ್ಟ. ಕುಡಿಯಲು ದಿನಕ್ಕೆ ಮೂರು ನಾಲ್ಕು ಸಲ ನೀರು ತೋರಿಸಿ, ದಾಣಿಗೆ ಒಂದು ಹಿಡಿ ಉಪ್ಪು ಹಾಕಿ. ಉಪ್ಪು ತಿಂದದ್ದು ನೀರು ಕುಡಿದೇ ಕುಡಿಯುತ್ತದೆ.

ಬೀಜ ಒಡೆಸಿದ ಮಾರನೆಯ ದಿನದಿಂದಲೇ ಹೋರಿ ಎತ್ತಾಯಿತೆಂದು ತಿಳಿಯಬೇಡಿ. ಒಳಗೆ ಉಳಿದ ಬೀಜಾಣುಗಳು ಕೆಲವು ವಾರ ಜೀವಂತವಿರುತ್ತವೆ. ಒಂದೂವರೆ ತಿಂಗಳು ಅದನ್ನು ಹಸುಗಳಿಂದ ದೂರ ಕಟ್ಟಿ. ಆರು ವಾರದ ಮೇಲೆ ಚೀಲವನ್ನು ಕೈಯಿಂದ ಮುಟ್ಟಿ ನೋಡಿ. ಎರಡು ಕಡೆಯೂ ಬೀಜ ಕುಗ್ಗಿ ಗಟ್ಟಿಯಾದ ಚಿಕ್ಕ ಗಂಟಿನಂತೆ ಸಿಗಬೇಕು. ಒಂದು ಕಡೆ ಮೊದಲಿನಂತೆ ದುಂಡಗೆ, ಮೆತ್ತಗೆ ಸಿಕ್ಕರೆ ಆ ಕಡೆಯ ನರ ತಪ್ಪಿದೆ ಎಂದರ್ಥ. ಅದೇ ವೈದ್ಯರಿಗೆ ಹೇಳಿ ಮತ್ತೆ ಹಾಕಿಸಿ. ಒಡೆಸಿದ ತಾರೀಖನ್ನೂ ಗೋಡೆಯ ಮೇಲಿನ ಅಳತೆಗಳ ಪಕ್ಕದಲ್ಲೇ ಬರೆದಿಡಿ. ನಾಳೆ ಕ್ಯಾಮೇನಹಳ್ಳಿಯಲ್ಲಿ ಕೊಳ್ಳಲು ಬಂದವರು ಆ ಪ್ರಶ್ನೆ ಕೇಳಿದರೆ ಉತ್ತರ ನಿಮ್ಮಲ್ಲಿರುತ್ತದೆ.